ನಮ್ಮ ವಿಡಿಯೋ ನಮ್ಮದೇ ಅಂತ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಹಳೆಯ ವಿಎಚ್‌ಎಸ್ ಕ್ಯಾಸೆಟ್ ನೆನಪಿದೆಯಾ? ಅದರ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮೀಟಿ ಮುರಿದುಬಿಟ್ಟರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುತ್ತಿರಲಿಲ್ಲ. ಆದರೆ ಮುರಿದ ಜಾಗಕ್ಕೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಸಾಕು, ಮೊದಲಿನಂತೆಯೇ ರೆಕಾರ್ಡ್ ಆಗುತ್ತಿತ್ತು! ಕೈತಪ್ಪಿ ಅಳಿಸಿಹೋಗದಂತೆ ಅದು ಕಾಯುತ್ತಿತ್ತು, ಅಷ್ಟೇ. ಅಳಿಸಲೇಬೇಕು ಅಂದುಕೊಂಡವರನ್ನು ತಡೆಯುತ್ತಿರಲಿಲ್ಲ.

ಆಮೇಲೆ ಬಂದ ಬೀಗಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಸಿನಿಮಾ ಡಿವಿಡಿಗಳಿಗೆ ಹಾಕಿದ್ದ ಸಿಎಸ್‌ಎಸ್ ಎಂಬ ಬೀಗವನ್ನು 1999ರಲ್ಲೇ ಒಡೆದರು. ಅಷ್ಟು ದುಡ್ಡಿದ್ದವರಿಗೇ ಆಗಲಿಲ್ಲ, ನಮಗಾಗುತ್ತಾ? ಯಾಕೆಂದರೆ ವಿಡಿಯೋ ಕಣ್ಣಿಗೆ ಕಾಣಬೇಕಾದರೆ ಎಲ್ಲೋ ಒಂದು ಕಡೆ ಬೀಗ ತೆಗೆಯಲೇಬೇಕು. ಪರದೆಯ ಮುಂದೆ ಇನ್ನೊಂದು ಫೋನ್ ಹಿಡಿದರೆ ಮುಗಿಯಿತು. ಹಾಗಾಗಿ 'ನಕಲಾಗದ ವಿಡಿಯೋ ಮಾಡಿಕೊಡುತ್ತೇವೆ' ಅನ್ನುವ ಸಾಫ್ಟ್‌ವೇರ್‌ಗೆ ಸುಮ್ನೆ ದುಡ್ಡು ಹಾಕಬೇಡಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಪುಸ್ತಕಕ್ಕೆ ಹೊಲಿಗೆ ಹಾಕುವುದು ಹೇಗೆ ಅಂತ ಒಂದು ವಿಡಿಯೋ ಮಾಡಿ ಹಾಕಿದ್ದೆ. ಮೂಲೆಯಲ್ಲಿ ಚಿಕ್ಕದಾಗಿ ನನ್ನ ಹೆಸರಿತ್ತು. ಕೆಲವು ತಿಂಗಳ ನಂತರ ಅದೇ ವಿಡಿಯೋ ಬೇರೆಯವರ ದನಿಯಲ್ಲಿ ಸಿಕ್ಕಿತು. ಮೂಲೆ ಕತ್ತರಿಸಿ ಹೆಸರು ತೆಗೆದಿದ್ದರು. ಸಾಲದ್ದಕ್ಕೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದರು. ಹಾಗಾಗಿ ಅದರಲ್ಲಿ ನಾನು ಎಡಗೈಯಲ್ಲಿ ಹೊಲಿಯುತ್ತಿದ್ದೆ! ಆದರೆ ಮೇಜಿನ ಮೇಲಿದ್ದ ಸ್ಕೇಲ್ ಮರೆತಿದ್ದರು. ಅದರ ಮೇಲಿನ ಅಂಕಿಗಳೆಲ್ಲ ಉಲ್ಟಾ.

ದೂರು ಕೊಟ್ಟಾಗ ಕೆಲಸಕ್ಕೆ ಬಂದದ್ದು ಆ ಸ್ಕೇಲ್ ಮಾತ್ರ ಅಲ್ಲ. ಮೂಲ ಫೈಲ್‌ನ ಶುರುವಿನಲ್ಲಿ 11 ಸೆಕೆಂಡ್ ಇತ್ತು. ಕ್ಯಾಮೆರಾ ಸರಿಮಾಡುವಾಗ ನನ್ನ ಮುಖ ಅಡ್ಡ ಬಂದಿತ್ತು ಅಂತ ಅದನ್ನು ಕತ್ತರಿಸಿ, ಉಳಿದದ್ದನ್ನು ಮಾತ್ರ ಹಾಕಿದ್ದೆ. ಕದ್ದವರ ಹತ್ತಿರ ಅದು ಇರಲು ಸಾಧ್ಯವೇ ಇಲ್ಲ, ಅಲ್ವಾ? ಆದ್ದರಿಂದ ಎಡಿಟ್ ಆದ ಮೇಲೆ ಮೂಲ ಫೈಲ್ ಅಳಿಸಬೇಡಿ. ಜಾಗ ಸಾಲದಿದ್ದರೆ ಇನ್ನೊಂದು ಡಿಸ್ಕ್ ತೆಗೆದುಕೊಳ್ಳಿ. ಹೆಸರನ್ನು ಮೂಲೆಯಲ್ಲಿ ಅಂಟಿಸುವುದಕ್ಕಿಂತ ಕೈ ಆಡುವ ಜಾಗದಲ್ಲೇ, ಸ್ಕೇಲ್ ಮೇಲೋ ಮೇಜಿನ ಮೇಲೋ ಬರೆದಿಡಿ. ಅದನ್ನು ಕತ್ತರಿಸಿದರೆ ವಿಡಿಯೋದಲ್ಲಿ ಏನೂ ಉಳಿಯುವುದಿಲ್ಲ.

ಯಾರಾದರೂ ತಿದ್ದಿದ್ದಾರಾ ಅಂತ ಕಂಡುಹಿಡಿಯಲು ಹ್ಯಾಶ್ ಅನ್ನುವುದಿದೆ. ಫೈಲ್‌ಗೆ ಅದು ಬೆರಳಚ್ಚು ಇದ್ದಂತೆ. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಯಾವುದೇ ಫೈಲನ್ನು ಓದಿ 64 ಅಕ್ಷರ, ಅಂಕಿಗಳ ಒಂದು ಸಾಲು ಕೊಡುತ್ತದೆ. ಒಂದು ಫ್ರೇಮ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ. ವಿಡಿಯೋ ಮುಗಿಸಿದ ದಿನವೇ ಆ ಸಾಲನ್ನು ನಂಬಿಕಸ್ಥರೊಬ್ಬರಿಗೆ ಇಮೇಲ್ ಮಾಡಿ. ಆಗ ತಾರೀಖೂ ಸಿಗುತ್ತದೆ. ಒಂದು ಎಚ್ಚರಿಕೆ: ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ. ಯಾರೂ ತಿದ್ದದೆ ಇದ್ದರೂ ಹ್ಯಾಶ್ ಹೊಂದುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ಹಕ್ಕಿನ ಮಾತು. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದವನ್ನು 1908ರಲ್ಲಿ ಪರಿಷ್ಕರಿಸಿದಾಗ, ಕಾಪಿರೈಟ್‌ಗೆ ನೋಂದಣಿಯ ಷರತ್ತು ಹಾಕಬಾರದು ಅಂತಾಯಿತು. 1928ರಲ್ಲಿ ಇನ್ನೊಂದು ಹಕ್ಕು ಸೇರಿತು: ಮಾಡಿದವರ ಹೆಸರಿಗೆ ಧಕ್ಕೆ ಬರುವಂತೆ ಕೃತಿಯನ್ನು ತಿರುಚಿದರೆ ಆಕ್ಷೇಪಿಸಬಹುದು. ನನಗೆ ಇದೇ ಜಾಸ್ತಿ ಮುಖ್ಯ. ನಕಲು ಮಾಡಿದರೆ ಬೇಜಾರಾಗುತ್ತದೆ. ನಾನು ಹೇಳದ ಮಾತನ್ನು ನನ್ನ ಬಾಯಿಗೆ ಹಾಕಿದರೆ ನಿದ್ದೆಯೇ ಹೋಗುತ್ತದೆ.

ನಕಲು ವಿಡಿಯೋಗಳನ್ನು ತಾನಾಗಿಯೇ ಹುಡುಕುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ 2007ರಿಂದ ಇದೆ. ಆದರೆ ಅದು ಎಲ್ಲರ ಕೈಗೂ ಸಿಗುವುದಿಲ್ಲ. ನಮ್ಮಂಥವರು ದೂರಿನ ಫಾರಂ ತುಂಬಬೇಕು. ತುಂಬುವ ಮೊದಲು ಕದ್ದ ವಿಡಿಯೋದ ಲಿಂಕ್, ತಾರೀಖು, ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟುಕೊಳ್ಳಿ. ಮೊದಲೇ ಅವರ ಜೊತೆ ಜಗಳಕ್ಕೆ ಹೋದರೆ ವಿಡಿಯೋ ಅಳಿಸಿ, ಇನ್ನೊಂದು ಹೆಸರಲ್ಲಿ ಮತ್ತೆ ಹಾಕುತ್ತಾರೆ. ನನ್ನ ಕೇಸಿನಲ್ಲಿ ಆದದ್ದೂ ಅದೇ. ಎರಡನೇ ಸಲ ಸ್ಕೇಲನ್ನೂ ಮಸುಕು ಮಾಡಿದ್ದರು.