ಯೀಲ್ಡ್ ಪಟ್ಟಿ ನೋಡಿ ಷೇರು ಕೊಳ್ಳಬೇಡಿ

ನಮಸ್ಕಾರ. ಆ್ಯಪ್ ತೆರೆಯೋದು, ಡಿವಿಡೆಂಡ್ ಯೀಲ್ಡ್ (ಷೇರಿನ ಬೆಲೆಗೆ ವರ್ಷದ ಡಿವಿಡೆಂಡ್, ಅಂದರೆ ಲಾಭಾಂಶ, ಶೇಕಡಾ ಎಷ್ಟು ಅನ್ನೋದು) ಜಾಸ್ತಿ ಇರೋದು ಮೇಲೆ ಬರೋ ಹಾಗೆ ಜೋಡಿಸೋದು, ಪಟ್ಟಿಯ ತುದಿಯಲ್ಲಿರೋ ನಾಲ್ಕು ಷೇರು ಕೊಂಡುಬಿಡೋದು. ಲಾಭಾಂಶದ ಆಸೆಗೆ ಬಂದವರು ತುಂಬಾ ಜನ ಹೀಗೇ ಶುರು ಮಾಡ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಆ ಪಟ್ಟಿಯಲ್ಲಿರೋದು ಸಾಮಾನ್ಯವಾಗಿ ಕಳೆದ ಹನ್ನೆರಡು ತಿಂಗಳ ಲೆಕ್ಕ, ಅಷ್ಟೇ.

ಗಣಿ, ಲೋಹದ ಕಂಪನಿ ವೇದಾಂತ ನೋಡಿ. 2022-23ರಲ್ಲಿ ಐದು ಕಂತಿನಲ್ಲಿ ಷೇರಿಗೆ 101 ರೂಪಾಯಿ 50 ಪೈಸೆ ಕೊಟ್ಟಿತು. ಆ ವರ್ಷದ ಕೊನೆಗೆ ಷೇರಿನ ಬೆಲೆ 300ರ ಒಳಗಿತ್ತು, ಅಂದರೆ ಯೀಲ್ಡ್ ಶೇ 30ಕ್ಕೂ ಮೇಲೆ! ಅದನ್ನ ನಂಬಿ ಕೊಂಡವರಿಗೆ ಮರುವರ್ಷ ಸಿಕ್ಕಿದ್ದು 29 ರೂಪಾಯಿ 50 ಪೈಸೆ. ಲೋಹದ ಬೆಲೆ ಪ್ರತಿವರ್ಷ ಏರಲ್ಲ. ಮಾತೃ ಕಂಪನಿಯ ಸಾಲ ತೀರಿಸೋಕೆ ಹರಿದ ನಗದು ಪ್ರತಿವರ್ಷ ಅದೇ ರಭಸದಲ್ಲಿ ಹರಿಯಲ್ಲ.

ಈಗ ನಮ್ಮ ಬೆಂಗಳೂರಿನ ಇನ್ಫೋಸಿಸ್. 2020-21ರಲ್ಲಿ ಷೇರಿಗೆ 27 ರೂಪಾಯಿ. ಆಮೇಲೆ 31, 34, 46, ಮತ್ತೆ 2024-25ರಲ್ಲಿ 43. ಕೊನೆಗೆ ಇಳೀತಲ್ಲ ಅಂತೀರಾ? ಆ 46ರಲ್ಲಿ 8 ರೂಪಾಯಿ ವಿಶೇಷ ಡಿವಿಡೆಂಡ್, ಅಂದರೆ ಒಂದು ಸಲಕ್ಕೆ ಅಂತ ಕೊಟ್ಟದ್ದು. ಅದನ್ನ ಕಳೆದರೆ 38, ಅದು ಏರಿ 43 ಆಗಿದೆ. ವಿಶೇಷ ಡಿವಿಡೆಂಡನ್ನ ಯಾವಾಗಲೂ ಪಕ್ಕಕ್ಕಿಟ್ಟೇ ಲೆಕ್ಕ ಹಾಕಿ. ನೂರು ಷೇರು ಇಟ್ಟುಕೊಂಡವರಿಗೆ ವರ್ಷಕ್ಕೆ 2,700 ಬರ್ತಿದ್ದದ್ದು ನಾಲ್ಕೇ ವರ್ಷದಲ್ಲಿ 4,300 ಆಯ್ತು. ವರ್ಷಕ್ಕೆ ಸುಮಾರು ಶೇ 12ರ ಏರಿಕೆ. ಇದರ ಹಿಂದೆ ಒಂದು ಲಿಖಿತ ನೀತಿ ಇದೆ: ಐದು ವರ್ಷದ ಫ್ರೀ ಕ್ಯಾಶ್ ಫ್ಲೋನಲ್ಲಿ (ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯೋ ನಗದು) ಸುಮಾರು ಶೇ 85 ಷೇರುದಾರರಿಗೆ, ಡಿವಿಡೆಂಡ್ ಮತ್ತು ಬೈಬ್ಯಾಕ್ (ಕಂಪನಿಯೇ ತನ್ನ ಷೇರು ವಾಪಸ್ ಕೊಳ್ಳೋದು) ಮೂಲಕ. ಹಾಗಂತ ಕಣ್ಣು ಮುಚ್ಚಿ ಕೊಳ್ಳಿ ಅಂತ ಹೇಳ್ತಿಲ್ಲ. ಅಮೆರಿಕದ ಗ್ರಾಹಕರು ಕೈ ಬಿಗಿ ಹಿಡಿದರೆ ಈ ಏರಿಕೆಯೂ ನಿಧಾನ ಆಗುತ್ತೆ.

ಹಾಗಾದ್ರೆ ನೋಡಬೇಕಾದ್ದು ಏನು? ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟ. ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಕ್ಕೆ ಹೋದದ್ದನ್ನ ಕಳೀರಿ. ಉಳಿದದ್ದರ ಒಳಗೇ ಡಿವಿಡೆಂಡ್ ಇದೆಯಾ? ಐದು ವರ್ಷದ್ದು ನೋಡಿ, ಒಂದು ವರ್ಷದ್ದು ಸಾಲದು. ಲಾಭ ನಿಂತಲ್ಲೇ ನಿಂತು ಡಿವಿಡೆಂಡ್ ಮಾತ್ರ ಏರ್ತಿದ್ದರೆ, ಅಥವಾ ಡಿವಿಡೆಂಡ್ ಕೊಡ್ತಾ ಕೊಡ್ತಾ ಸಾಲ ಬೆಳೀತಿದ್ದರೆ, ಅಂಥಾ ಷೇರು ಬಿಟ್ಟುಬಿಡಿ.

'ಶೇ 440 ಡಿವಿಡೆಂಡ್' ಅನ್ನೋ ತಲೆಬರಹ ನೋಡಿ ಹಿಗ್ಗಬೇಡಿ. ಅದು ಮುಖಬೆಲೆಯ, ಅಂದರೆ ಷೇರಿನ ಮೇಲೆ ನಮೂದಾದ ಮೂಲ ಬೆಲೆಯ ಮೇಲಿನ ಲೆಕ್ಕ, ಮಾರುಕಟ್ಟೆ ಬೆಲೆಯ ಮೇಲಿನದಲ್ಲ. 5 ರೂಪಾಯಿ ಮುಖಬೆಲೆಗೆ ಶೇ 440 ಅಂದರೆ 22 ರೂಪಾಯಿ. ನೀವು ಷೇರಿಗೆ 1,500 ಕೊಟ್ಟಿದ್ದರೆ ನಿಮ್ಮ ಪಾಲಿಗೆ ಅದು ಶೇ ಒಂದೂವರೆಯೂ ಅಲ್ಲ.

ಎಕ್ಸ್-ಡೇಟ್‌ನ (ಆ ದಿನದಿಂದ ಕೊಂಡವರಿಗೆ ಈ ಸಲದ ಡಿವಿಡೆಂಡ್ ಇಲ್ಲ) ಹಿಂದಿನ ದಿನ ಕೊಂಡು, ಡಿವಿಡೆಂಡ್ ಗಿಟ್ಟಿಸಿ ಮಾರೋ ಆಟವೂ ಬೇಡ. 10 ರೂಪಾಯಿ ಡಿವಿಡೆಂಡ್ ಇದ್ದರೆ ಎಕ್ಸ್-ಡೇಟ್ ದಿನ ಬೆಲೆಯೂ ಹೆಚ್ಚುಕಮ್ಮಿ 10 ಇಳಿದೇ ಶುರುವಾಗುತ್ತೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತೆ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಆ 10ರಲ್ಲಿ 3 ತೆರಿಗೆಗೇ ಹೋಯ್ತು.

ಟಿಡಿಎಸ್ ವಿಷಯ, ಅಂದರೆ ಡಿವಿಡೆಂಡ್ ಕೊಡುವಾಗಲೇ ಕಂಪನಿ ಹಿಡಿಯೋ ತೆರಿಗೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ ಶೇ 10 ಹಿಡೀತಾರೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5,000 ಇತ್ತು. ಹಿಡಿಯದಿದ್ದರೂ ತೆರಿಗೆ ಇದ್ದೇ ಇರುತ್ತೆ, ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಪ್ಯಾನ್ ಸರಿ ಇಲ್ಲದಿದ್ದರೆ ಶೇ 20. ವಿದೇಶದಲ್ಲಿರೋ ಎನ್‌ಆರ್‌ಐಗಳಿಗೆ ಮಿತಿಯೇ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 20 ಮತ್ತು ಅದರ ಮೇಲೆ ಸೆಸ್. ದುಬೈನಲ್ಲಿರುವವರು ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಒಪ್ಪಂದದ ಪ್ರಕಾರ ಶೇ 10ಕ್ಕೆ ಇಳಿಸಬಹುದು. ಈ ಕಾಗದಗಳನ್ನ ಕೊಡಬೇಕಾದ್ದು ಕಂಪನಿಗೆ ಅಥವಾ ಅದರ ರಿಜಿಸ್ಟ್ರಾರ್‌ಗೆ (ಕಂಪನಿಯ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳೋ ಸಂಸ್ಥೆ), ಬ್ರೋಕರ್‌ಗಲ್ಲ. ಎಷ್ಟೋ ಜನ ಎಡವೋದು ಇಲ್ಲೇ.

ಇನ್ನೊಂದು. ಡಿವಿಡೆಂಡ್ ಬರೋದು ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ. ಆ ಖಾತೆ ಮುಚ್ಚಿದ್ದರೆ ದುಡ್ಡು ಕಂಪನಿಯಲ್ಲೇ ಕೂತಿರುತ್ತೆ. ಸತತ ಏಳು ವರ್ಷ ಯಾರೂ ಕೇಳದಿದ್ದರೆ ದುಡ್ಡಿನ ಜೊತೆ ಷೇರುಗಳೂ ಸರ್ಕಾರದ ಐಇಪಿಎಫ್ (ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ) ನಿಧಿಗೆ ಹೋಗ್ತವೆ. ಮತ್ತೆ ವಾಪಸ್ ಪಡೆಯಬಹುದು, ಆದರೆ ಆ ಓಡಾಟ ಸಣ್ಣದಲ್ಲ. ಮನೆಯ ಬೀರುವಿನಲ್ಲಿ ಅಪ್ಪನದೋ ಅಜ್ಜನದೋ ಕಾಗದದ ಷೇರು ಪತ್ರ ಇದ್ದರೆ, ಹೊಸ ಷೇರು ಕೊಳ್ಳೋ ಮುಂಚೆ ಅದರ ಮೇಲಿರೋ ಫೋಲಿಯೋ ನಂಬರ್ (ಷೇರುದಾರರ ಖಾತೆ ಸಂಖ್ಯೆ) ಹಿಡಿದು, ಯಾರೂ ಕೇಳದ ಡಿವಿಡೆಂಡ್ ಇದೆಯಾ ಅಂತ ಈ ವಾರವೇ ರಿಜಿಸ್ಟ್ರಾರ್‌ಗೆ ಬರೀರಿ.