ನಾದಿರಾಳ ಬಗ್ಗೆ ನಮ್ಮ ಜಗಲಿಯಲ್ಲಿ ನಡೆದ ಜಗಳ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಿ ಅಲ್ವಾ?

ಈಗ ನಿಮಗೆ ಕಾಣುತ್ತಿರುವುದು ಚಂದ್ರಗಿರಿ ಹೊಳೆ. ನಾನು ನಿಂತಿರುವುದು ಮೇಲ್ಪರಂಬದ ಕೋಟೆಯ ಮೇಲೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ ಇದು, 17ನೇ ಶತಮಾನದ್ದು. ಎಡಗಡೆ ದೂರದಲ್ಲಿ ಬೆಳ್ಳಗೆ ಹೊಳೆಯುವುದು ಸಮುದ್ರ. ಎದುರಿನ ದಡದ ತೆಂಗಿನ ಸಾಲು ತಳಂಗರೆ, ಅದರಾಚೆ ಕಾಸರಗೋಡು ಪೇಟೆ. ಅಲ್ಲಿ ಗಾಳಿ ಜಾಸ್ತಿ ಇತ್ತು. ಮಾತಾಡಿದ್ದು ಒಂದೂ ಸರಿಯಾಗಿ ರೆಕಾರ್ಡ್ ಆಗಲಿಲ್ಲ. ಹಾಗಾಗಿ ಮನೆಗೆ ಬಂದು, ಮಗಳು ಮಲಗಿದ ಮೇಲೆ, ಮೆಲ್ಲಗೆ ಹೇಳುತ್ತಿದ್ದೇನೆ.

ಇವತ್ತು ಒಂದು ಕಾದಂಬರಿಯ ವಿಷಯ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಸಾರಾ ಹುಟ್ಟಿದ್ದು 1936ರಲ್ಲಿ, ಇದೇ ಕಾಸರಗೋಡಿನಲ್ಲಿ. ಆಗ ನಮ್ಮ ಊರು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮುಸ್ಲಿಂ ಹುಡುಗಿಯರು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಓದಿದವರು, ಮುಂದೆ ಆ ಶಾಲೆಯ ಕನ್ನಡದಲ್ಲೇ ಬರೆದವರು. 2023ರ ಜನವರಿಯಲ್ಲಿ ತೀರಿಕೊಂಡರು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಲೇಬೇಕು. ಕೊನೆಯನ್ನೂ ಹೇಳುತ್ತೇನೆ, ಯಾಕೆಂದರೆ ನಮ್ಮ ಜಗಳವೆಲ್ಲ ಆ ಕೊನೆಯ ಬಗ್ಗೆಯೇ. ನಾದಿರಾ ಮತ್ತು ರಶೀದ್ ಗಂಡ ಹೆಂಡತಿ. ಪರಸ್ಪರ ಪ್ರೀತಿಯಿದೆ, ಒಂದು ಕೈಗೂಸು ಇದೆ. ನಾದಿರಾಳ ಅಪ್ಪ ಮಹಮ್ಮದ್ ಖಾನ್ ತನ್ನ ಹಟಕ್ಕೆ ಮಗಳನ್ನು ಗಂಡನಿಂದ ಬಿಡಿಸಿ ತಲಾಖ್ ಮಾಡಿಸುತ್ತಾನೆ. ಮಗುವೂ ಅವಳ ಮಡಿಲಿನಿಂದ ದೂರವಾಗುತ್ತದೆ. ಮತ್ತೆ ಒಂದಾಗಬೇಕು ಅನ್ನುವಾಗ ಒಂದು ಕಟ್ಟಳೆ ಅಡ್ಡ ಬರುತ್ತದೆ. ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ನಾದಿರಾ ಅದನ್ನು ದಾಟಲಾರದೆ ಪಳ್ಳಿಯ, ಅಂದರೆ ಮಸೀದಿಯ, ಕೆರೆಗೆ ಬಿದ್ದು ಸಾಯುತ್ತಾಳೆ.

ನಾವು ಕೆಲವರು ತಿಂಗಳಿಗೊಂದು ಪುಸ್ತಕ ಓದಿ ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಹೋದ ತಿಂಗಳು ಇದನ್ನು ತೆಗೆದುಕೊಂಡಿದ್ದೆವು. ಚಾ ಆರಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

ಮೊದಲು ಶುರು ಮಾಡಿದ್ದು ಅಮ್ಮ. ಅಮ್ಮನಿಗೆ ರಶೀದ್ ಮೇಲೆ ಸಿಟ್ಟು. "ಪ್ರೀತಿ ಮನಸ್ಸಿನೊಳಗೆ ಇದ್ದರೆ ಯಾರಿಗೆ ಬೇಕು? ಕೈ ಹಿಡಿದು ಕರಕೊಂಡು ಹೋಗುವಷ್ಟು ಇರಬೇಕಿತ್ತು" ಅಂದರು. ನಮ್ಮ ಮಾಷ್ಟ್ರು ಒಪ್ಪಲಿಲ್ಲ. ಅವರು ಕನ್ನಡ ಪಾಠ ಮಾಡಿ ನಿವೃತ್ತರಾದವರು. ರಶೀದನೂ ಅದೇ ಬಲೆಯಲ್ಲಿ ಸಿಕ್ಕಿಬಿದ್ದವನು, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅಂತ ಅವರ ವಾದ. ಆದರೆ ಮಾಷ್ಟ್ರಿಗೆ ಬೇರೆ ತಕರಾರಿತ್ತು. ನಾದಿರಾಳನ್ನು ಸಾಯಿಸಬಾರದಿತ್ತು ಅಂತ. ಸಾವು ಬಂದ ಕೂಡಲೇ ಓದುಗರು ಅತ್ತು ಪುಸ್ತಕ ಮಡಚಿಬಿಡುತ್ತಾರೆ. ಅವಳು ಬದುಕಿದ್ದರೆ ಆ ಅಪ್ಪನ ಎದುರು ದಿನಾ ಓಡಾಡುತ್ತಿದ್ದಳಲ್ಲ, ಅದೇ ಊರಿಗೆ ಹೆಚ್ಚು ಕಷ್ಟವಾಗುತ್ತಿತ್ತು ಅಂದರು. ಮಾತು ಚೆನ್ನಾಗಿದೆ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಊರಿಗೆ ಪಾಠ ಕಲಿಸುವುದಕ್ಕೆ ಅವಳೇ ಯಾಕೆ ನರಳುತ್ತಾ ಬದುಕಬೇಕು?

ಚಿಕ್ಕಮ್ಮನ ಮಗಳು ಕಾನೂನು ಓದುತ್ತಿದ್ದಾಳೆ. ಅವಳಿಗೆ ಇದು ಹಳೆಯ ಕಥೆ ಅನಿಸಿತಂತೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನಲ್ಲಿ ಮೂರು ಸಲ ಹೇಳುವ ತಲಾಖನ್ನು ರದ್ದು ಮಾಡಿತು, 2019ರಲ್ಲಿ ಕಾಯ್ದೆಯೂ ಬಂತು, ಈಗ ಯಾಕೆ ಇದನ್ನು ಓದಬೇಕು ಅಂತ ಕೇಳಿದಳು. ಆಮೇಲೆ ಅವಳೇ ತಡೆದು ಹೇಳಿದಳು, ಇನ್ನೊಬ್ಬನನ್ನು ಮದುವೆಯಾಗಿ ಬರಬೇಕೆಂಬ ಪದ್ಧತಿಯ ವಿಷಯ ಆ ತೀರ್ಪಿನಲ್ಲಿ ಇತ್ಯರ್ಥವಾಗಲಿಲ್ಲ ಅಂತ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದೆವು.

ಆಗ ಮಾತಾಡಿದ್ದು ನನ್ನ ಗೆಳತಿ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಮನೆ ಚೆಮ್ನಾಡಿನಲ್ಲಿ. ಅವಳು ಹೇಳಿದ್ದನ್ನು ನಾನು ಹಾಗೇ ಹೇಳಬೇಕು. "ಕಾಲೇಜಿನಲ್ಲಿ ಈ ಪುಸ್ತಕ ಓದಿದವರೆಲ್ಲ ನನ್ನ ಹತ್ತಿರ ಬಂದು, ನಿಮ್ಮಲ್ಲಿ ಹೀಗೇನಾ ಅಂತ ಕೇಳುತ್ತಿದ್ದರು. ನನಗೆ ನಾದಿರಾ ಇಷ್ಟ. ಸಾರಾ ಅವರ ಬಗ್ಗೆ ಹೆಮ್ಮೆ ಇದೆ. ಆದರೆ ಆ ಪ್ರಶ್ನೆ ಕೇಳಿ ಕೇಳಿ ನನಗೆ ಪುಸ್ತಕದ ಮೇಲೇ ಬೇಸರ ಬಂತು." ಕೇಳಿದವರಲ್ಲಿ ನಾನೂ ಒಬ್ಬಳು. ಹತ್ತೊಂಬತ್ತು ವರ್ಷ ಆಗ ನನಗೆ. ಅವಳು ಅದನ್ನು ನನ್ನ ಮುಖ ನೋಡಿ ಹೇಳಲಿಲ್ಲ. ನಾನೇ ನೆನಪು ಮಾಡಿದೆ, ಕ್ಷಮಿಸು ಅಂದೆ.

ಅವಳ ಉಮ್ಮ, ಅಂದರೆ ಅಮ್ಮ, ಅವರೂ ಬಂದಿದ್ದರು. ಕೈಯಲ್ಲಿ ಪತ್ತಿರಿಯ, ಅಂದರೆ ಅಕ್ಕಿ ರೊಟ್ಟಿಯ, ಡಬ್ಬ. ಅವರೂ ಕನ್ನಡ ಶಾಲೆಯಲ್ಲಿ ಓದಿದವರು. ಮಾತು ಮಲಯಾಳ, ಓದು ಕನ್ನಡ. ನನ್ನನ್ನು ಮೋಳೇ, ಅಂದರೆ ಮಗಳೇ, ಅಂತಲೇ ಕರೆಯುತ್ತಾರೆ. ಅಷ್ಟು ಹೊತ್ತು ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿ ತಟ್ಟುತ್ತಾ ಇದ್ದವರು, ಒಮ್ಮೆಲೇ ಅಂದರು, "ಮೋಳೇ, ನನಗೆ ನಾದಿರಾಳ ಮೇಲೆ ಸಿಟ್ಟು. ಅವಳು ಹೋದಳು. ಆ ಮಗು? ಒಮ್ಮೆ ತಾಯಿಯನ್ನು ಕಸಿದುಕೊಂಡದ್ದು ಊರು. ಎರಡನೇ ಸಲ ಕಸಿದುಕೊಂಡದ್ದು ಅವಳೇ ಅಲ್ವಾ?"

ಯಾರೂ ಉತ್ತರ ಕೊಡಲಿಲ್ಲ. ನನಗೆ ಎದೆಯೊಳಗೆ ಏನೋ ಬಿಗಿಯಿತು. ಯಾಕೆಂದರೆ ಈ ಸಲ ಓದುವಾಗ ನಾನೂ ಅದೇ ಜಾಗದಲ್ಲಿ ನಿಂತಿದ್ದೆ. ಹತ್ತೊಂಬತ್ತರಲ್ಲಿ ಓದಿದಾಗ ನನಗೆ ಇದು ಬರೀ ಪ್ರೀತಿಯ ಕಥೆ. ಕೈಗೆ ಬಂದು ಜಾರಿದ ಪ್ರೀತಿ. ಮಗು ಇತ್ತು ಅನ್ನುವುದು ನೆನಪಿನಲ್ಲೂ ಉಳಿದಿರಲಿಲ್ಲ. ಈಗ ಮಗಳಿಗೆ ಹತ್ತು ತಿಂಗಳು. ಈಗ ಓದಿದರೆ ಪುಟಪುಟದಲ್ಲೂ ಮಗುವೇ ಕಾಣುತ್ತದೆ. ಮಗು ಅತ್ತರೆ ಎದೆಹಾಲು ತಾನಾಗಿ ಸುರಿಯುತ್ತದೆ, ಪಕ್ಕದ ಮನೆಯ ಮಗು ಅತ್ತರೂ ಸುರಿಯುತ್ತದೆ. ಮಗು ಹತ್ತಿರ ಇಲ್ಲದ ನಾದಿರಾ ಏನು ಮಾಡಿದಳು? ಅದನ್ನು ಯೋಚಿಸುತ್ತಾ ಒಂದು ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಆದರೆ ಉಮ್ಮ ಕೇಳಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ನಾವು ಎರಡು ಗಂಟೆ ಕೂತು ಕೇಳಿದ್ದು ಒಂದೇ ಪ್ರಶ್ನೆ, ನಾದಿರಾ ಮಾಡಿದ್ದು ಸರಿಯಾ ತಪ್ಪಾ. ಅವಳ ಅಮ್ಮ ಫಾತಿಮ್ಮನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕಾದಂಬರಿ ಶುರುವಾಗುವುದೇ ಫಾತಿಮ್ಮನಿಂದ. ಆಡುವ ವಯಸ್ಸಿನಲ್ಲಿ ಮದುವೆ. ತವರು ಮನೆ ಹೊಳೆಯ ಆಚೆ. ತಾಯಿಯನ್ನು ನೋಡಬೇಕಾದರೆ ಗಂಡನ ಅಪ್ಪಣೆ ಬೇಕು. ತನ್ನ ಅಮ್ಮನ ಹತ್ತಿರವೇ ಹೋಗಲಾರದವಳು ಮಗಳನ್ನು ಹೇಗೆ ಉಳಿಸಿಕೊಂಡಾಳು? ನಾದಿರಾಳ ಕಥೆ ಕೆರೆಯಲ್ಲಿ ಮುಗಿದಿರಬಹುದು. ಶುರುವಾದದ್ದು ಈ ಹೊಳೆಯಲ್ಲಿ, ಅವಳು ಹುಟ್ಟುವ ಮೊದಲೇ.

ನಾನು ಇದನ್ನು ಹೇಳಿದಾಗ ಅಮ್ಮ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ಕಂಬಕ್ಕೆ ಒರಗಿ ಕೂತು ನಮ್ಮ ಅಜ್ಜಿಯ ಕಥೆ ಹೇಳಿದರು. ನಾನು ಇದುವರೆಗೆ ಕೇಳಿರದ ಕಥೆ.

ಅಜ್ಜಿಯ ತವರು ಉದುಮದ ಹತ್ತಿರ. ಹದಿಮೂರಕ್ಕೆ ಮದುವೆಯಾಗಿ ಹೊಳೆ ದಾಟಿ ಮಧೂರಿನ ಕಡೆಗೆ ಬಂದರು. ತವರಿಗೆ ಹೋಗುವುದು ವರ್ಷಕ್ಕೆ ಒಂದು ಸಲ, ಅದೂ ಮಾವನವರು ಹೂಂ ಅಂದರೆ. ಒಂದು ಮಳೆಗಾಲ ಅಜ್ಜಿಯ ಅಮ್ಮನಿಗೆ ಜೋರು ಕಾಯಿಲೆ ಅಂತ ಆಳು ಬಂದು ಹೇಳಿದ. ನೇಜಿ ನೆಟ್ಟು ಮುಗಿಯಲಿ, ಆಮೇಲೆ ಹೋದರಾಯಿತು ಅಂದರಂತೆ ಮಾವ. ಅಜ್ಜಿ ಗದ್ದೆಯ ಕೆಸರಿನಲ್ಲಿ ಏಳು ದಿನ ನೇಜಿ ನೆಟ್ಟರು. ಎಂಟನೇ ದಿನ ದೋಣಿ ಹತ್ತಿದರು. ಆಚೆ ದಡದ ಕಡವಿನಲ್ಲಿ ಅಣ್ಣ ನಿಂತಿದ್ದನಂತೆ, ತಲೆ ಬೋಳಿಸಿಕೊಂಡು. ಏನೂ ಕೇಳಲಿಲ್ಲವಂತೆ ಅಜ್ಜಿ. ದೋಣಿಯಿಂದ ಇಳಿಯಲೂ ಇಲ್ಲ. ಅದೇ ದೋಣಿಯಲ್ಲಿ ವಾಪಸ್ಸು ಬಂದರು.

ಅಮ್ಮ ಇದನ್ನು ಹೇಳಿ ಮುಗಿಸುವಾಗ ನನ್ನ ಗೆಳತಿ ಅಮ್ಮನ ಕೈ ಹಿಡಿದುಕೊಂಡಿದ್ದಳು. ನಮ್ಮಲ್ಲೂ ಹೀಗೇ ಇತ್ತು. ಬೇರೆ ದೇವರು, ಬೇರೆ ಕಟ್ಟಳೆ, ಆದರೆ ಅದೇ ಹೊಳೆ, ಅದೇ ಅಪ್ಪಣೆ. ಕಾಲೇಜಿನಲ್ಲಿ ನಾನು ಆ ಪ್ರಶ್ನೆಯನ್ನು ಗೆಳತಿಗೆ ಕೇಳುವ ಮೊದಲು ನನ್ನ ಮನೆಯಲ್ಲಿ ಕೇಳಬೇಕಿತ್ತು.

ಹಾಗಂತ ಜಗಳ ಮುಗಿಯಿತು ಅಂದುಕೊಳ್ಳಬೇಡಿ. ಮಾಷ್ಟ್ರು ಕೊನೆಯವರೆಗೂ ತಮ್ಮ ಮಾತು ಬಿಡಲಿಲ್ಲ. ಅಮ್ಮನಿಗೆ ರಶೀದ್ ಮೇಲೆ ಈಗಲೂ ಸಿಟ್ಟು. ಉಮ್ಮನಿಗೂ ನಾದಿರಾಳನ್ನು ಕ್ಷಮಿಸಲು ಆಗಿಲ್ಲ. ಅವರನ್ನು ಒಪ್ಪಿಸಬೇಕು ಅಂತ ನನಗೂ ಇಲ್ಲ. ಮಕ್ಕಳನ್ನು ಒಬ್ಬರೇ ಸಾಕಿದವರು ಅವರು. ಎಷ್ಟು ರಾತ್ರಿಗಳಲ್ಲಿ ಏನನ್ನು ನುಂಗಿಕೊಂಡು ಬದುಕಿದರೋ, ಆ ಬಲದಿಂದಲೇ ಆ ಮಾತು ಬಂದದ್ದು. ಹೊರಡುವಾಗ ನನ್ನ ಪ್ರತಿಯನ್ನು ಕೇಳಿ ತೆಗೆದುಕೊಂಡರು. "ಫಾತಿಮ್ಮನ ಭಾಗ ಇನ್ನೊಮ್ಮೆ ಓದುತ್ತೇನೆ ಮೋಳೇ. ಆವಾಗ ನಾನು ಬೇಗ ಬೇಗ ಓದಿಬಿಟ್ಟೆ" ಅಂದರು.

ಇವತ್ತು ಆ ಪುಸ್ತಕವನ್ನು ವಾಪಸ್ಸು ತರಲು ಚೆಮ್ನಾಡಿಗೆ ಹೋಗಿದ್ದೆ, ಹಾಗೇ ಕೋಟೆಗೂ ಹೋದೆ. ಉಮ್ಮ ಇನ್ನೂ ಓದಿ ಮುಗಿಸಿಲ್ಲ, ಇರಲಿ ಅಂತ ಬಿಟ್ಟು ಬಂದೆ. ಈಗ ಕಾಣುತ್ತಿರುವುದು ಬರುವಾಗ ಬಸ್ಸಿನ ಕಿಟಕಿಯಿಂದ ತೆಗೆದದ್ದು. ಮಗಳು ತೊಡೆಯ ಮೇಲೆ ಇದ್ದಳು, ಅದಕ್ಕೇ ಸ್ವಲ್ಪ ಅಲುಗಾಡುತ್ತಿದೆ. ಕೆಳಗೆ ಹೊಳೆ, ಆ ಕಡೆ ರೈಲು ಸೇತುವೆ. ಎಷ್ಟು ಹೊತ್ತಾಗುತ್ತದೆ ನೋಡೋಣ ಅಂತ ಸೇತುವೆಯ ಆ ತುದಿಯಿಂದ ಎಣಿಸಲು ಶುರು ಮಾಡಿದೆ. ನಿಮಿಷ ತುಂಬುವ ಮೊದಲೇ ಈಚೆ ದಡ ಬಂತು.