ಗೇಟು ತೆರೆದಿದ್ದರೆ ಸಾಕೆ?

ಎಲ್ಲರಿಗೂ ನಮಸ್ಕಾರ. ಪಾರ್ಕು, ಫುಟ್‌ಪಾತಿನಂಥ ಸಾರ್ವಜನಿಕ ಜಾಗಗಳು ನಿಜಕ್ಕೂ ಎಲ್ಲರದೇ ಎಂದು ಇವತ್ತು ಕೇಳಬೇಕಾಗಿದೆ. ಒಂದು ಹಳೆಯ ಕತೆಯಿಂದ ಶುರುಮಾಡುತ್ತೇನೆ.

ಸರ್ಕಾರದ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು 1923ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನಸಭೆ ನಿರ್ಣಯ ಮಾಡಿತು. ಮರುವರ್ಷ ಅದೇ ಪ್ರಾಂತ್ಯದ ಮಹಾಡ ಪಟ್ಟಣದ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಸಾರಿತು. ಕಾಗದದಲ್ಲಿ ಕೆರೆ ತೆರೆಯಿತು, ನೀರು ಮಾತ್ರ ಸಿಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಕುಡಿದವರಿಗೆ ಏಟು ಬಿತ್ತು. ಆಮೇಲೆ ಮೇಲ್ಜಾತಿಯವರು ಸಗಣಿ, ಗಂಜಲ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಹೈಕೋರ್ಟಿನಲ್ಲಿ ಆ ಹಕ್ಕು ಗಟ್ಟಿಯಾಗುವಾಗ 1937 ಬಂದಿತ್ತು.

ಅದೇ ಹೋರಾಟದ ಫಲ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ತಾಣ ಎಂದು ಜಾಗಗಳ ಹೆಸರನ್ನೇ ಹಿಡಿದು, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದು ಅದು ಹೇಳುತ್ತದೆ. ಹಾಗಾಗಿ ‘ಇವರಿಗೆ ಪ್ರವೇಶವಿಲ್ಲ’ ಎಂದು ಇವತ್ತು ಯಾರೂ ಬೋರ್ಡು ಹಾಕಲಾರರು. ಬೋರ್ಡು ಮಾಡುತ್ತಿದ್ದ ಕೆಲಸವನ್ನು ಈಗ ಗೇಟು, ಬೆಂಚು, ಕಲ್ಲು, ಬೀಗದ ಹೊತ್ತು ಮಾಡುತ್ತಿವೆ ಎಂಬುದೇ ನನ್ನ ಮಾತು. ಬೋರ್ಡು ಹಾಕಿದವನನ್ನು ಕೋರ್ಟಿಗೆ ಎಳೆಯಬಹುದು. ಕೂರುವ ಬೆಂಚಿನ ವಿರುದ್ಧ ಯಾರು ದೂರು ಕೊಡುತ್ತಾರೆ?

ಇಂಥ ಮಾತು ಬಂದಾಗ ನಮ್ಮೂರ ಅರಳಿಕಟ್ಟೆಯನ್ನು ನೆನೆದು ನಿಟ್ಟುಸಿರು ಬಿಡುವವರಿದ್ದಾರೆ. ಅಲ್ಲಿ ಕೂತವರು ಗಂಡಸರು, ಅದರಲ್ಲೂ ಕೆಲವು ಕೇರಿಗಳ ಗಂಡಸರು. ಕೊಡ ಹೊತ್ತ ಹೆಂಗಸು ಅದರ ಮುಂದೆ ಸೆರಗು ಸರಿಮಾಡಿಕೊಂಡು ಹಾದುಹೋಗುತ್ತಿದ್ದಳು. ಹಿಂದೆ ಎಲ್ಲವೂ ಎಲ್ಲರದಾಗಿತ್ತು ಎಂಬ ನೆನಪು ಕೂತವರದು, ಹಾದುಹೋದವರದಲ್ಲ.

ಬೆಂಗಳೂರಿನ ಬಡಾವಣೆಗಳ ಪಾರ್ಕುಗಳಿಗೆ ಬನ್ನಿ. ಬಹುಕಾಲ ಅವು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದಿರುತ್ತಿದ್ದವು, ನಡುಹಗಲು ಬೀಗ. ಈ ವೇಳಾಪಟ್ಟಿ ಯಾರ ದಿನಚರಿಗೆ ಹೊಂದುತ್ತದೆ ನೋಡಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಆಫೀಸಿಗೆ ಹೋಗುವವರಿಗೆ, ನಿವೃತ್ತರಿಗೆ ಸರಿಯಾಗಿ ಕೂಡುತ್ತದೆ. ಮೂರು ಮನೆಯ ಪಾತ್ರೆ ತೊಳೆದು ನಾಲ್ಕನೆಯ ಮನೆಗೆ ಹೋಗುವ ಮುಂಚೆ ಬುತ್ತಿ ಬಿಚ್ಚಬೇಕಾದ ಹೆಂಗಸಿಗೆ, ಬೆಳಗಿನ ಜಾವದಿಂದ ಬೀದಿ ಗುಡಿಸಿದ ಪೌರಕಾರ್ಮಿಕರಿಗೆ, ಎರಡು ಆರ್ಡರುಗಳ ನಡುವೆ ಕಾಯುವ ಡೆಲಿವರಿ ಹುಡುಗನಿಗೆ, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರಿಗೆ ನೆರಳು ಬೇಕಾಗುವುದು ಮಧ್ಯಾಹ್ನವೇ. ಆಗ ಮರಗಳು ಬೀಗದ ಒಳಗೆ, ಅವರು ಹೊರಗಿನ ಫುಟ್‌ಪಾತಿನ ಅಂಚಿನಲ್ಲಿ. 2024ರಲ್ಲಿ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಸರ್ಕಾರ ಹೇಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಒಂದು ಇಟ್ಟಿಗೆಯನ್ನೂ ಇಡದೆ ಊರಿನ ನೆರಳನ್ನು ಹಂಚಿದಂಥ ಕೆಲಸ ಅದು.

ಆಕ್ಷೇಪಗಳೂ ಬಂದವು: ಕುಡುಕರು ಬರುತ್ತಾರೆ, ಜೋಡಿಗಳು ಬರುತ್ತವೆ, ಹೆಂಗಸರಿಗೆ ಕ್ಷೇಮವಲ್ಲ. ಕ್ಷೇಮದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳಿಗೆ ಧೈರ್ಯ ಬರುವುದು ಸುತ್ತ ಜನರಿದ್ದಾಗ, ದೀಪವಿದ್ದಾಗ, ರಸ್ತೆಯಿಂದ ಒಳಗೂ ಒಳಗಿನಿಂದ ರಸ್ತೆಗೂ ಕಣ್ಣು ಹಾಯುವಾಗ. ಎತ್ತರದ ಕಾಂಪೌಂಡು ಕಟ್ಟಿ ಕತ್ತಲು ಮಾಡಿ, ಆಮೇಲೆ ಕತ್ತಲೆಗೆ ಹೆದರಿ ಬೀಗ ಹಾಕುವುದು ಯಾವ ನ್ಯಾಯ? ಶೌಚಾಲಯದ ವಿಷಯವೂ ಇದರಲ್ಲೇ ಸೇರಿದೆ. ಹತ್ತಿರದಲ್ಲಿ ಶುಚಿಯಾದ ಶೌಚಾಲಯವಿಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಓಡಾಡುತ್ತಾರೆ. ಮನೆಯಿಂದ ಎಷ್ಟು ಹೊತ್ತು ಹೊರಗಿರಬಹುದು ಎಂಬುದನ್ನು ಅವರ ಮೂತ್ರಕೋಶ ತೀರ್ಮಾನಿಸುವಂತೆ ನಾವು ಊರು ಕಟ್ಟಿದ್ದೇವೆ.

ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿ ಹಾಕುವುದು ಯಾರೂ ಮಲಗಬಾರದೆಂದು. ಮನೆ ಇದ್ದವರಿಗೆ ಅದು ಕೈಯಿಡುವ ಪಟ್ಟಿ, ಇಲ್ಲದವರಿಗೆ ‘ಎದ್ದು ಹೋಗು’ ಎಂಬ ಮಾತು. ಇನ್ನು ಪಾರ್ಕೆಂದರೆ ವಾಕಿಂಗ್ ಟ್ರ್ಯಾಕ್ ಎಂದಾದ ಮೇಲೆ ಚೆಂಡು ತಂದ ಮಕ್ಕಳಿಗೆ ಗದರಿಕೆಯೇ ಗತಿ. ಮನೆಯ ಮುಂದೆ ಅಂಗಳವಿಲ್ಲದ ಮಕ್ಕಳೇ ಅವರು.

ಗೇಟಿನದು ಸ್ವಲ್ಪ ತೊಡಕಿನ ಕತೆ. ಬೈಕು ನುಗ್ಗದಿರಲೆಂದು ಪಾರ್ಕಿನ ಬಾಗಿಲಲ್ಲಿ, ಫುಟ್‌ಪಾತಿನ ತುದಿಯಲ್ಲಿ ಕಂಬ ನೆಡುತ್ತಾರೆ, ಅಂಕುಡೊಂಕಿನ ಕಂಬಿ ಕೂರಿಸುತ್ತಾರೆ. ಉದ್ದೇಶ ಒಳ್ಳೆಯದೇ. ಗಾಲಿಕುರ್ಚಿ ದಾಟಲು ಸುಮಾರು 90 ಸೆಂಟಿಮೀಟರ್ ಜಾಗ ಬೇಕು, ಅಷ್ಟು ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಹಾಗಾಗಿ ಸ್ಕೂಟರಿನವನ ತಪ್ಪಿಗೆ ಗಾಲಿಕುರ್ಚಿಯವರಿಗೆ ಶಿಕ್ಷೆ. ಇದಕ್ಕೆ ಮದ್ದು ಕಬ್ಬಿಣದಲ್ಲಿಲ್ಲ, ಸ್ಕೂಟರಿನವನಿಗೆ ತಪ್ಪದೆ ದಂಡ ಹಾಕುವುದರಲ್ಲಿದೆ. ಫುಟ್‌ಪಾತಿನ ಅಂಚು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕು ಎಂದು, ರಸ್ತೆಗಳಿಗೆ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಮೊಣಕಾಲು ನೋವಿರುವ ಅಜ್ಜಿಯರನ್ನು ಕೇಳಿ, ಆ ಮಾರ್ಗಸೂಚಿ ಎಲ್ಲಿ ಮುರಿದಿದೆ ಎಂದು ಒಂದೊಂದು ಗೇಟಿನ ಲೆಕ್ಕ ಕೊಡುತ್ತಾರೆ.

ಕೊನೆಯದಾಗಿ, ಈ ನಕ್ಷೆಗಳನ್ನು ಬರೆಯುವಾಗ ಯಾರು ಹತ್ತಿರ ಇರಬೇಕು? 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಒಂದು ದಾರಿ ಇದೆ. ಪಟ್ಟಣ ವ್ಯಾಪಾರ ಸಮಿತಿಯ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ತಳ್ಳುಗಾಡಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ತಳ್ಳುವವರ ಮಾತು ಬೇಕೆಂದು ಕಾನೂನೇ ಒಪ್ಪಿರುವಾಗ, ಪಾರ್ಕಿಗೆ ಯಾಕೆ ಬೇಡ? ಪಾರ್ಕಿನ ಸಭೆಗೆ ಇವತ್ತು ಬರುವವರು ಹೆಚ್ಚಾಗಿ ಸುತ್ತಲಿನ ಮನೆ ಮಾಲೀಕರು. ಆ ಮನೆಗಳಲ್ಲಿ ಕೆಲಸ ಮಾಡುವವರು, ಆ ಬೀದಿ ಗುಡಿಸುವವರು, ಬಾಡಿಗೆ ಕೋಣೆಯ ಮಕ್ಕಳು, ಗಾಲಿಕುರ್ಚಿ ಬಳಸುವವರು ಅದೇ ಸಭೆಯಲ್ಲಿ ಕುರ್ಚಿ ಎಳೆದು ಕೂರಬೇಕು, ಮತ ಹಾಕಬೇಕು. ಸಭೆಯನ್ನು ಅವರಿಗೆ ಬಿಡುವಿರುವ ಹೊತ್ತಿಗೇ ಕರೆಯಬೇಕು. ನಿಮ್ಮ ವಾರ್ಡಿನಲ್ಲಿ ಪಾರ್ಕಿನ ನವೀಕರಣಕ್ಕೆ ಹಣ ಬಂದಾಗ, ಗುತ್ತಿಗೆ ಕೊಡುವ ಮುಂಚೆ, ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಇಡಿ.